ಸಂಭಾವನೆಯೂ ಸತ್ಕಾವ್ಯವೂ

ಹಣಕ್ಕಾಗಿ ಬರೆದದ್ದು ಸಾಹಿತ್ಯವಾಗಲಾರದು, ಕಾವ್ಯರಚನೆಯೆಂಬುದು ಶ್ರುತದೇವಿಯ ಸೇವೆ, ಅದಕ್ಕೆ ಬೆಲೆ ಕಟ್ಟುವುದು ಅಪಚಾರ ಎಂಬ ಮಾತು ಧಾರ್ಮಿಕ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಕಿವಿಗೆ ಹಿತವಾಗಿದೆ. ಆದರೆ ಅದನ್ನು ಆಡುವವರು ಬಹುಮಟ್ಟಿಗೆ ಬರೆಸುವವರೇ ಹೊರತು ಬರೆಯುವವರಲ್ಲ. ಕ್ಷೇತ್ರದ ಇತಿಹಾಸ, ಪಂಚಕಲ್ಯಾಣದ ಸ್ಮರಣ ಸಂಚಿಕೆ, ಹಿರಿಯರೊಬ್ಬರ ಅಭಿನಂದನ ಗ್ರಂಥ ಇವು ಸಿದ್ಧವಾಗುವಾಗ ಚಪ್ಪರದವನಿಗೆ, ಅಡುಗೆಯವನಿಗೆ, ಮುದ್ರಣಾಲಯಕ್ಕೆ ಮುಂಗಡ ಸಲ್ಲುತ್ತದೆ. ಆರು ತಿಂಗಳು ಕುಳಿತು ಬರೆದವನಿಗೆ ಶಾಲು, ಹಾರ, ಫಲತಾಂಬೂಲ. ಇದಕ್ಕೆ ಸೇವೆಯೆಂದು ಹೆಸರು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು. ಆದುದರಿಂದ ಹಣಕ್ಕೂ ಕಾವ್ಯಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಕೇವಲ ರಸಿಕರ ಚರ್ಚೆಯಲ್ಲ. ಬಸದಿಗಳ ಲೆಕ್ಕಪುಸ್ತಕಕ್ಕೂ ಶ್ರಾವಕಾಚಾರಕ್ಕೂ ಸೇರಿದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ನಿಂತರೆ ಸಾಕು. ಸಾಂತರರ ಈ ರಾಜಧಾನಿಯಲ್ಲಿ ಕ್ರಿ.ಶ. 1062ರಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯೆಂಬ ವರ್ತಕ ಜಿನಾಲಯವನ್ನು ಕಟ್ಟಿಸಿದ. 1077ರಲ್ಲಿ ಚಟ್ಟಲದೇವಿ ಪಂಚಬಸದಿಯನ್ನು ಕಟ್ಟಿಸಿದಳು. ಇಬ್ಬರೂ ಶಾಸನ ಬರೆಸಿದರು. ಸಾಗರ, ನಗರ, ತೀರ್ಥಹಳ್ಳಿ ಸೀಮೆಯ ಇಂತಹ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದ ಪದ್ಯವನ್ನು ಕಟ್ಟಿದ ಕವಿಗೂ, ಅದನ್ನು ಕಲ್ಲಿನಲ್ಲಿ ಕಡೆದ ರೂವಾರಿಗೂ ದಾನಿಯ ಬೊಕ್ಕಸದಿಂದಲೇ ಜೀವನ ನಡೆಯಬೇಕಿತ್ತು. ಕಂದ, ವೃತ್ತಗಳು ಸೊಗಸಾಗಿಯೇ ಇವೆ. ಆದರೆ ಇಡೀ ಸೀಮೆಯ ಶಾಸನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದಾಗ, ಅನೇಕ ಪದ್ಯಗಳಲ್ಲಿ ಒಬ್ಬ ದಾನಿಯ ಹೆಸರನ್ನು ತೆಗೆದು ಮತ್ತೊಬ್ಬನ ಹೆಸರನ್ನಿಟ್ಟರೂ ಛಂದಸ್ಸು ಕೆಡುವುದಿಲ್ಲ, ಅರ್ಥವೂ ಕೆಡುವುದಿಲ್ಲ. ಎಲ್ಲ ಅರಸರೂ ಶೂರರು, ಎಲ್ಲ ದಾನಿಗಳೂ ಕಲ್ಪವೃಕ್ಷಗಳು. ಹಣ ಕೊಂಡುಕೊಳ್ಳಬಲ್ಲ ಪದ್ಯ ಇಷ್ಟು. ಅದೇ ಹೊಂಬುಜದಲ್ಲಿ, ಅಗಲಿದ ತನ್ನವರ ಪುಣ್ಯಾರ್ಥವಾಗಿ ಬಸದಿಯೆತ್ತಿಸಿದ ಚಟ್ಟಲದೇವಿಯ ಶಾಸನವನ್ನು ಓದುವಾಗ ಹಾಗೆ ಹೆಸರು ಬದಲಿಸಲು ಮನಸ್ಸು ಬಾರದು. ಅಲ್ಲಿ ಸತ್ತವರಿಗೆ ಹೆಸರಿದೆ, ಉಳಿದವಳಿಗೆ ದುಃಖವಿದೆ. ಎರಡೂ ಬರೆಸಿದ ಬರಹಗಳೇ.

ಇನ್ನು ಆದಿಕವಿ ಪಂಪ. ಪಂಪನು ಅರಿಕೇಸರಿಯಿಂದ ಧರ್ಮವುರವೆಂಬ ಅಗ್ರಹಾರವನ್ನು ಪಡೆದುದು ಕವಿಯ ಮಾತಿನಿಂದ ಮಾತ್ರವಲ್ಲದೆ ತಮ್ಮನಾದ ಜಿನವಲ್ಲಭನು ಬರೆಸಿದ ಕುರಿಕ್ಯಾಲದ ಶಾಸನದಿಂದಲೂ ತಿಳಿಯುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಕನ್ನಡದ ಮೊದಲ ಮಹಾಕವಿಗೆ ಸಂದ ಸಂಭಾವನೆಯ ರಸೀದಿ ಬಂಡೆಯ ಮೇಲಿದೆ. ಪಂಪ ಎರಡು ಕೃತಿಗಳನ್ನು ಬರೆದ. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ತಾನೇ ಹೇಳಿಕೊಂಡ. ಆದಿಪುರಾಣ ಧರ್ಮಕ್ಕಾಗಿ, ಅದನ್ನು ಯಾವ ಅರಸನೂ ಬರೆಸಿದಂತೆ ಕಾಣದು. ವಿಕ್ರಮಾರ್ಜುನ ವಿಜಯ ಅರಿಕೇಸರಿಗಾಗಿ. ಹಣ ಮುಟ್ಟಿದ ಕಾವ್ಯ ಕೆಟ್ಟದ್ದೇ ಆಗಬೇಕೆಂಬ ನಿಯಮವಿದ್ದರೆ ವಿಕ್ರಮಾರ್ಜುನ ವಿಜಯ ಇಂದಿಗೆ ಮಣ್ಣಾಗಿರಬೇಕಿತ್ತು. ಹಾಗಾಗಲಿಲ್ಲ. ಕನ್ನಡ ವಿದ್ವಾಂಸರಲ್ಲಿ ಇವೆರಡರಲ್ಲಿ ಯಾವುದು ಹೆಚ್ಚೆಂಬ ವಾದ ಇನ್ನೂ ಮುಗಿದಿಲ್ಲ. ಭಾರತವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದುದಾಗಿ ಕವಿ ಹೇಳಿಕೊಂಡಿದ್ದಾನೆ. ಸಂಭಾವನೆಯಿದ್ದ ಕೆಲಸಕ್ಕೇ ಇಮ್ಮಡಿ ಕಾಲ ಹಿಡಿಯಿತು!

ಆದರೆ ಸಂಭಾವನೆಯ ಗುರುತು ಆ ಕಾವ್ಯದಲ್ಲಿ ಇಲ್ಲವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಇದೆ, ಮತ್ತು ಇರುವ ಕಡೆಯಲ್ಲೆಲ್ಲ ಕಣ್ಣಿಗೆ ಚುಚ್ಚುತ್ತದೆ. ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸುವ ಕಟ್ಟುಪಾಡಿಗೆ ಕವಿ ಒಳಗಾದ. ಅರಸನು ಐವರಲ್ಲಿ ಒಬ್ಬನಾಗಿ ಹೆಂಡತಿಯನ್ನು ಹಂಚಿಕೊಂಡನೆಂದು ಹೇಳುವುದೆಂತು? ಆದುದರಿಂದ ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ಕಥೆಯ ಕೊನೆಯಲ್ಲಿ ಪಟ್ಟವೇರುವವನು ಧರ್ಮರಾಜನಲ್ಲ, ಅರ್ಜುನ. ಪಕ್ಕದಲ್ಲಿ ಕುಳಿತವಳು ಸುಭದ್ರೆ. ಸಭೆಯಲ್ಲಿ ಮುಡಿ ಹಿಡಿಸಿಕೊಂಡು ಕಾವ್ಯದುದ್ದಕ್ಕೂ ಉರಿದ ದ್ರೌಪದಿ ಪಟ್ಟದ ಹೊತ್ತಿಗೆ ಪಕ್ಕಕ್ಕೆ ಸರಿದಳು. ಧರ್ಮವುರದ ಬೆಲೆ ಇಲ್ಲಿ ಪಾವತಿಯಾಗಿದೆ. ಪಂಪನ ಅಭಿಮಾನಿಗಳು ಇದನ್ನು ಎಷ್ಟು ಸಮರ್ಥಿಸಿದರೂ ಓದುಗನ ಮನಸ್ಸು ಒಪ್ಪುವುದಿಲ್ಲ.

ಇದೇ ಕಾವ್ಯದಲ್ಲಿ ಅರಸನು ಕೇಳದಿದ್ದ ಎರಡು ಸಂಗತಿಗಳಿವೆ. ಮೊದಲನೆಯದು ಕರ್ಣ. ಅರ್ಜುನನೇ ಆಶ್ರಯದಾತನಾಗಿರುವ ಕಾವ್ಯದಲ್ಲಿ ಅರ್ಜುನನ ಶತ್ರುವನ್ನು ಮೇಲೆತ್ತುವುದರಿಂದ ಕವಿಗೆ ಲಾಭವೇನೂ ಇರಲಿಲ್ಲ, ನಷ್ಟದ ಸಂಭವವೇ ಹೆಚ್ಚು. ಆದರೂ ಭಾರತದಲ್ಲಿ ಯಾರನ್ನು ನೆನೆಯುವುದಾದರೂ ಕರ್ಣನನ್ನೇ ನೆನೆಯಿರೆಂಬ ಅಭಿಪ್ರಾಯಕ್ಕೆ ಪಂಪ ಬಂದುಬಿಟ್ಟ. ಎರಡನೆಯದು ಬನವಾಸಿ. ಸಾಗರ, ಸೊರಬಗಳ ಬಡಗಣ ಗಡಿಯಾಚೆಗೆ ಇರುವ ಆ ನಾಡಿನ ತಂಪು, ಹಾಡು, ಹೂವುಗಳಿಗಾಗಿ ಕವಿ ಹಂಬಲಿಸಿದ ಪದ್ಯಗಳು ಕನ್ನಡಿಗರ ನಾಲಿಗೆಯ ಮೇಲಿವೆ. ಅರಿಕೇಸರಿ ಆಳಿದುದು ವೇಮುಲವಾಡದಲ್ಲಿ, ಇಂದಿನ ತೆಲಂಗಾಣದಲ್ಲಿ. ಬನವಾಸಿಯನ್ನು ಹೊಗಳಿದರೆ ಅವನಿಗೆ ಒಂದು ಹಿಡಿ ಕೀರ್ತಿಯೂ ಕೂಡುವುದಿಲ್ಲ. ಕರಾರಿನಲ್ಲಿ ಇಲ್ಲದ ಸರಕನ್ನು ಕವಿ ತನ್ನ ಕೈಯಿಂದ ಹಾಕಿಕೊಟ್ಟ. ಸಾವಿರ ವರ್ಷ ಕಳೆದ ಮೇಲೆ ಉಳಿದಿರುವುದು ಆ ಸರಕೇ.

ರನ್ನನಲ್ಲಿಯೂ ಇದೇ ನಡೆಯಿತು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನಿಗೆ ಹಣದ ಬೆಲೆ ಚೆನ್ನಾಗಿ ಗೊತ್ತಿತ್ತು. ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನೇ ಭೀಮ. ಗೆಲ್ಲುವವನು ಅವನು, ಹೊಗಳಿಸಿಕೊಳ್ಳುವವನೂ ಅವನು. ಆದರೆ ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ಒಬ್ಬನೇ ನಡೆದುಹೋಗುವ ದುರ್ಯೋಧನನನ್ನು ಕಂಡ ಓದುಗನಿಗೆ ಭೀಮ ಮರೆತೇಹೋಗುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ನಾಟಕವಾಗಿಸಲು ಹೊರಟುದು ಈ ಸೋತವನ ಘನತೆಯನ್ನು ಕಂಡೇ. ಪಂಪನಲ್ಲಿ ಕರ್ಣ, ರನ್ನನಲ್ಲಿ ದುರ್ಯೋಧನ: ಇಬ್ಬರು ಜೈನ ಕವಿಗಳು ಗೆದ್ದವನ ಹಣ ಪಡೆದು ಸೋತವನ ಕಾವ್ಯ ಬರೆದರು. ಇದು ಆಕಸ್ಮಿಕವೆಂದು ತೋರುವುದಿಲ್ಲ. ಆಶ್ರಯದಾತನು ನಾಯಕನ ಸ್ಥಾನವನ್ನು ಕೊಂಡುಕೊಂಡಾಗ ಆ ಸ್ಥಾನದಲ್ಲಿ ಕವಿಗೆ ಕೈಯಾಡಿಸಲು ಎಡೆಯಿರುವುದಿಲ್ಲ. ಕೊಳ್ಳದೆ ಬಿಟ್ಟ ಎಡೆಯಲ್ಲಿ ಅವನ ಸ್ವಂತ ಬುದ್ಧಿ ಕೆಲಸಮಾಡುತ್ತದೆ. ಬರೆಸಿದ ಕಾವ್ಯದ ತೂಕ ನೋಡಬೇಕಾದರೆ, ಬರೆಸಿದವನು ಕೇಳದೆ ಇದ್ದುದು ಅದರಲ್ಲಿ ಎಷ್ಟಿದೆಯೆಂದು ನೋಡಬೇಕು.

ಅತ್ತಿಮಬ್ಬೆಯದು ಇನ್ನೊಂದು ಬಗೆ. ರನ್ನನಿಂದ ಅಜಿತಪುರಾಣವನ್ನು 993ರಲ್ಲಿ ಬರೆಸಿದವಳು ಆಕೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ. ಲಿಪಿಕಾರರಿಗೆ ಕೂಲಿ, ಓಲೆಗೆ ಬೆಲೆ, ಕವಿಗೆ ಮನ್ನಣೆ ಮೂರೂ ಸಂದವು. ಅಜಿತಪುರಾಣದಲ್ಲಿ ರನ್ನ ಆಕೆಯನ್ನು ಧಾರಾಳವಾಗಿ ಹೊಗಳಿದ್ದಾನೆ, ಆದರೆ ಆ ಭಾಗ ಓದುಗನಿಗೆ ಬೇಸರ ತರುವುದಿಲ್ಲ. ಆಕೆ ತನ್ನನ್ನು ತೀರ್ಥಂಕರನನ್ನಾಗಿ ಮಾಡೆಂದು ಕೇಳಲಿಲ್ಲ. ಕಥೆ ಅಜಿತನಾಥನದಾಗಿಯೇ ಉಳಿಯಿತು, ದಾನಿ ದಾನಿಯಾಗಿಯೇ ಉಳಿದಳು. ಕನ್ನಡದ ಅನೇಕ ಪುಸ್ತಕಗಳು ಇಂದಿಗೂ ಸಾವಿರ ಪ್ರತಿಯಷ್ಟೇ ಅಚ್ಚಾಗುತ್ತವೆ. ಯಂತ್ರವಿಲ್ಲದ ಕಾಲದಲ್ಲಿ ಒಬ್ಬ ಶ್ರಾವಕಿ ಅಷ್ಟನ್ನು ಕೈಯಿಂದ ಬರೆಸಿದಳೆಂಬುದನ್ನು ನೆನೆದಾಗ ನಮ್ಮ ಶಾಸ್ತ್ರದಾನದ ಮಾತುಗಳು ಸಣ್ಣವಾಗಿ ಕಾಣುತ್ತವೆ.

ಕೇಳಿದ್ದನ್ನು ಮಾತ್ರ ಕೊಟ್ಟ ಬರಹಕ್ಕೆ ಉದಾಹರಣೆ ಸಾಗರದ ಬಳಿಯಲ್ಲೇ ಇದೆ. ಕೆಳದಿಯ ಅರಸರ ವಂಶವನ್ನು ಕುರಿತು ಲಿಂಗಣ್ಣ ಕವಿ ರಚಿಸಿದ ಕೆಳದಿನೃಪವಿಜಯ ಇತಿಹಾಸಕಾರರಿಗೆ ಬಹು ಬೆಲೆಯುಳ್ಳ ಗ್ರಂಥ. ಇಕ್ಕೇರಿ, ಬಿದನೂರುಗಳ ಚರಿತ್ರೆಯನ್ನು ಅದಿಲ್ಲದೆ ಬರೆಯಲಾಗದು. ಆದರೆ ರಸಕ್ಕಾಗಿ ಅದನ್ನು ತೆರೆಯುವವರು ವಿರಳ. ಒಬ್ಬ ಅರಸನಾದ ಮೇಲೆ ಮತ್ತೊಬ್ಬ ಅರಸ. ಪ್ರತಿಯೊಬ್ಬನ ಕಟ್ಟಡ, ದಾನ, ದಂಡಯಾತ್ರೆ. ಶಿವಪ್ಪನಾಯಕನ ಶಿಸ್ತೆಂಬ ಕಂದಾಯದ ಲೆಕ್ಕ ಮಲೆನಾಡಿನ ಜನರ ಬಾಯಲ್ಲಿ ಉಳಿಯಿತು, ಈ ಕಾವ್ಯ ಉಳಿಯಲಿಲ್ಲ. ಲಿಂಗಣ್ಣನ ಪಾಂಡಿತ್ಯದಲ್ಲಿ ಕೊರತೆಯಿರಲಿಲ್ಲ. ಅವನಿಗೆ ಒಬ್ಬ ಕರ್ಣನೂ ಒಂದು ಬನವಾಸಿಯೂ ಸಿಗಲಿಲ್ಲ.

ಹಾಗಾದರೆ ಹಣವನ್ನು ಮುಟ್ಟದ ಬರಹವೇ ಶ್ರೇಷ್ಠವೆನ್ನಬಹುದಲ್ಲ ಎಂದು ಕೆಲವರು ಕೇಳಬಹುದು. ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದ ಹರಿಹರ ಆ ಉದ್ಯೋಗವನ್ನು ಬಿಟ್ಟು, ನರರನ್ನು ಹಾಡೆನೆಂದು ಹಂಪೆಗೆ ನಡೆದನೆಂಬ ಐತಿಹ್ಯವಿದೆ. ಅದು ವಂದನೀಯವಾದ ದಾರಿ. ಧವಲಾದಿ ಸಿದ್ಧಾಂತಗ್ರಂಥಗಳನ್ನು ರಚಿಸಿದ ಆಚಾರ್ಯರು ಕಾಸನ್ನು ಕಣ್ಣೆತ್ತಿಯೂ ನೋಡದವರು. ಆದರೂ ಶ್ರಾವಕನ ಆಹಾರದಾನದಿಂದ ಅವರ ದೇಹ ನಿಂತಿತು, ಶ್ರಾವಕಿಯರು ಕೂಲಿ ಕೊಟ್ಟು ಮಾಡಿಸಿದ ಪ್ರತಿಗಳಿಂದ ಅವರ ಗ್ರಂಥಗಳು ಮೂಡುಬಿದಿರೆಯಲ್ಲಿ ಉಳಿದವು. ಮುನಿಗಳ ಮಾತು ಬೇರೆ. ಗೃಹಸ್ಥನಾದ ಲೇಖಕನಿಗೆ ಆ ಅಳತೆಯನ್ನು ಹಿಡಿಯುವವರು ತಾವೂ ಅಂಗಡಿಗೆ ಬೀಗ ಹಾಕಿ ಬರಬೇಕಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಹಣಕ್ಕೆ ಬರೆಯುವವನಲ್ಲಿ ಲೋಭವನ್ನು ಕಂಡುಹಿಡಿಯುವುದು ಸುಲಭ. ಹಣ ಪಡೆಯದೆ ಬರೆದು, ಪುಸ್ತಕದ ಮೊದಲ ಪುಟದಲ್ಲಿ ತನ್ನ ಭಾವಚಿತ್ರ, ಎರಡನೆಯ ಪುಟದಲ್ಲಿ ತನ್ನ ಬಿರುದುಗಳು ಇರಬೇಕೆಂದು ಹಟ ಹಿಡಿಯುವವನಲ್ಲಿ ಮಾನಕಷಾಯವನ್ನು ಯಾರೂ ಕಾಣುವುದಿಲ್ಲ. ಉಚಿತವಾಗಿ ಬರೆದು ಜಾತಿಬಾಂಧವರ ಹೊಗಳಿಕೆಯನ್ನು ಬಡ್ಡಿಸಮೇತ ವಸೂಲು ಮಾಡಿಕೊಳ್ಳುವವರು ಎಷ್ಟೋ ಮಂದಿ. ಹಣವನ್ನೂ ಹೆಸರನ್ನೂ ಎರಡನ್ನೂ ಬಿಟ್ಟು ಬರೆದವನೆಂದರೆ ನಂದಳಿಕೆಯ ಮುದ್ದಣ. ಉಡುಪಿಯಲ್ಲಿ ಶಾಲೆಯ ಅಂಗಸಾಧನೆಯ ಉಪಾಧ್ಯಾಯನಾಗಿದ್ದ ಈತ ರಾಮಾಶ್ವಮೇಧವನ್ನು ಹಳೆಯ ಕವಿಯೊಬ್ಬನ ಗ್ರಂಥವೆಂಬಂತೆ ಮೈಸೂರಿಗೆ ಕಳುಹಿಸಿಕೊಟ್ಟ. 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಆ ಬಡತನವನ್ನು ಹೊಗಳಿ ಭಾಷಣ ಮಾಡುವುದರಲ್ಲಿ ಸ್ವಲ್ಪ ಕ್ರೌರ್ಯವಿದೆ. ಮುದ್ದಣನಿಗೆ ಸಕಾಲಕ್ಕೆ ನೂರು ರೂಪಾಯಿ ಸಿಕ್ಕಿದ್ದರೆ ಕನ್ನಡಕ್ಕೆ ಇನ್ನೊಂದು ಗ್ರಂಥ ಸಿಗುತ್ತಿತ್ತೇನೋ.

ಹೊರಗಿನ ನಾಡುಗಳ ನಿದರ್ಶನಗಳೂ ಇದಕ್ಕಿಂತ ಭಿನ್ನವಲ್ಲ. ಇಂಗ್ಲಿಷಿನ ಸ್ಯಾಮ್ಯುಯೆಲ್ ಜಾನ್ಸನ್ ಹಣಕ್ಕಲ್ಲದೆ ಬರೆಯುವವನು ಮೂಢನೆಂದೇ ಭಾವಿಸಿದ್ದವನು. 1759ರಲ್ಲಿ ತಾಯಿಯ ಉತ್ತರಕ್ರಿಯೆಯ ವೆಚ್ಚಕ್ಕಾಗಿ ರಾಸೆಲಸ್ ಎಂಬ ಕಥೆಯನ್ನು ಬರೆದ. ರಷ್ಯದ ದಾಸ್ತೊಯೆವ್‌ಸ್ಕಿ 1866ರಲ್ಲಿ ಪ್ರಕಾಶಕನ ಕರಾರಿಗೆ ಸಿಕ್ಕಿಬಿದ್ದು ಜೂಜುಗಾರನನ್ನು ಕುರಿತ ಕಾದಂಬರಿಯೊಂದನ್ನು 26 ದಿನಗಳಲ್ಲಿ ಹೇಳಿ ಬರೆಸಿದ. ಸಾಲಗಾರನ ಅವಸರ ಅದರಲ್ಲಿದೆ. ಜೂಜಿನ ಚಟದ ಸತ್ಯವೂ ಅದರಲ್ಲಿದೆ. ಪ್ರಕಾಶಕ ಕೇಳಿದ್ದು ಹಾಳೆಗಳನ್ನು ಮಾತ್ರ.

ಆಧುನಿಕ ಕಾಲಕ್ಕೆ ಬಂದರೆ, ಅರಸರು ಹೋದರು, ಸಂಬಳ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಿಂದ ಕನ್ನಡಕ್ಕೆ ದೊರೆತ ದೊಡ್ಡ ಕೃತಿಗಳ ಹಿಂದೆ ಯಾವ ಅನ್ನವಿತ್ತೆಂದು ವಿಚಾರಿಸುವುದು ಅಗೌರವವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಬರೆದುದು ಮೈಸೂರಿನಲ್ಲಿ ಅಧ್ಯಾಪಕ ವೃತ್ತಿಯಲ್ಲಿದ್ದುಕೊಂಡು. ಆ ಮಹಾಛಂದಸ್ಸನ್ನು ಮಾರಾಟದ ಮೇಲೆ ನಂಬಿ ಬರೆಯುವಂತಿರಲಿಲ್ಲ. 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ 1967ನೆಯ ಸಾಲಿನ ಜ್ಞಾನಪೀಠವೂ ಬರೆದಾದ ಮೇಲೆ ಬಂದವು. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಸಂಸ್ಕಾರವನ್ನು ಬರೆದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ದೊರೆತ ವಿದ್ಯಾರ್ಥಿವೇತನದ ಕಾಲದಲ್ಲಿ. ವೇತನ ಕೊಟ್ಟವರಿಗೆ ಮಲೆನಾಡಿನ ಅಗ್ರಹಾರದ ಗೊಡವೆಯೇ ಇರಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಅಡಕೆ ತೋಟವನ್ನು ಇಟ್ಟುಕೊಂಡು ಅಕ್ಷರ ಪ್ರಕಾಶನವನ್ನೂ ನೀನಾಸಂ ಅನ್ನೂ ನಡೆಸಿದರು. ಅಡಕೆಯ ಧಾರಣೆ ಬಿದ್ದ ವರ್ಷವೂ ಪುಸ್ತಕ ಅಚ್ಚಾಗಬೇಕಾದರೆ ಲೆಕ್ಕ ಬಲ್ಲವನೇ ಬೇಕು. ತೀರ್ಥಹಳ್ಳಿಯವರೇ ಆದ ಎಂ. ಕೆ. ಇಂದಿರಾ ಅವರು ನಡುವಯಸ್ಸಿನಲ್ಲಿ ಬರವಣಿಗೆಗೆ ಇಳಿದು, ಮನೆಮಂದಿಯೆಲ್ಲ ಓದುವ ಕಾದಂಬರಿಗಳನ್ನು ಒಂದರ ಮೇಲೊಂದು ಬರೆದರು. ಜನಪ್ರಿಯ ಲೇಖಕಿಯೆಂದು ವಿಮರ್ಶಕರು ಅವರನ್ನು ಬಹುಕಾಲ ಬದಿಗಿಟ್ಟರು. 1976ರಲ್ಲಿ ಫಣಿಯಮ್ಮ ಬಂತು. ಬಾಲವಿಧವೆಯೊಬ್ಬಳು ಯಾರನ್ನೂ ದೂಷಿಸದೆ, ಯಾರಿಗೂ ಭಾರವಾಗದೆ ಸವೆಸಿದ ದೀರ್ಘ ಬಾಳಿನ ಆ ಕಥನವನ್ನು ಓದಿದ ಜೈನ ಗೃಹಿಣಿಯರಿಗೆ ಅದು ಅಪರಿಗ್ರಹದ ಕಥೆಯೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಪಳಗಿದ ಕೈಯೇ ಅದನ್ನು ಬರೆಯಿತು.

ಬರಹವನ್ನೇ ನಂಬಿ ಬಾಳಿದವರೂ ಕನ್ನಡದಲ್ಲಿ ಇದ್ದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅ.ನ.ಕೃ. ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವುಗಳಲ್ಲಿ ಎಷ್ಟೋ ಅವಸರದವು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತ.ರಾ.ಸು. ಅವರೂ ಅದೇ ದಾರಿಯವರು. ಅವರ ದುರ್ಗಾಸ್ತಮಾನಕ್ಕೆ 1985ರಲ್ಲಿ, ಅವರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅದೂ ಸೋತ ದೊರೆಯ ಕಥೆ ಎಂಬುದನ್ನು ಗಮನಿಸಬಹುದು. ನೂರು ರೂಪಾಯಿ ಬೆಲೆಯ ಪುಸ್ತಕ, ಸಾವಿರ ಪ್ರತಿ, ಶೇಕಡಾ ಹತ್ತರ ಗೌರವಧನ ಎಂದಿಟ್ಟುಕೊಂಡರೆ ಲೇಖಕನಿಗೆ ಎಲ್ಲ ಪ್ರತಿಗಳೂ ಖರ್ಚಾದ ಮೇಲೆ ಬರುವುದು ಹತ್ತು ಸಾವಿರ. ಈ ಮೊತ್ತಕ್ಕೆ ಆಸೆಪಟ್ಟು ಯಾರೂ ಕೆಡಲಾರರು. ಕೆಡುವುದು ಅದರಿಂದ ಮನೆ ನಡೆಸಬೇಕಾಗಿ ಬಂದು, ವರ್ಷಕ್ಕೆ ಒಂದರ ಬದಲು ಆರು ಬರೆಯುವಾಗ.

ಈ ಸೀಮೆಯಲ್ಲಿ ಪಂಪನ ದಾರಿಗೆ ಅತ್ಯಂತ ಹತ್ತಿರ ನಿಲ್ಲುವವರು ಸಾಗರದ ನಾ. ಡಿಸೋಜ ಅವರು. 2025ರಲ್ಲಿ ನಿಧನರಾದ ಇವರು ಜೀವನೋಪಾಯಕ್ಕೆ ಲೋಕೋಪಯೋಗಿ ಇಲಾಖೆಯ ನೌಕರರು. ಶರಾವತಿ ಯೋಜನೆಯ ಕೆಲಸ ಅವರ ಕಣ್ಣೆದುರಿನಲ್ಲಿ ನಡೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು, ಗದ್ದೆ, ತೋಟ, ದೇವಾಲಯಗಳು ನೀರಿಗೆ ಸರಿದವು. ನಾಡಿಗೆ ಬೆಳಕು ಬಂತು. ಸರ್ಕಾರದ ಸಂಬಳ ಪಡೆಯುತ್ತಿದ್ದವರು ಬೆಳಕನ್ನು ಹೊಗಳಿ ಬರೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬರೆದುದು ಮುಳುಗಡೆಯನ್ನು ಮತ್ತು ದ್ವೀಪವನ್ನು: ನೀರೇರುತ್ತಿರುವ ಗುಡ್ಡದ ಮೇಲೆ ಉಳಿದವರನ್ನು. ಗಿರೀಶ ಕಾಸರವಳ್ಳಿಯವರು ದ್ವೀಪವನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ 2002ನೆಯ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಆ ಸಂಬಳ ಅವರ ಲೇಖನಿಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಅದು ಕಚೇರಿಯ ಕಡತಗಳಿಗೆ ಕೊಟ್ಟ ಸಂಬಳ. ಸಂಜೆಯ ಹೊತ್ತಿಗೆ ಕೊಟ್ಟದ್ದಲ್ಲ.

ಇಷ್ಟರ ಬೆಳಕಿನಲ್ಲಿ ಬಸದಿಗಳ, ಟ್ರಸ್ಟುಗಳ ಪ್ರಕಟಣೆಗಳನ್ನು ನೋಡಬೇಕು. ಆಶಾಧರ ಸೂರಿಯು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಎಣಿಸುವಾಗ ಮೊದಲು ಹೇಳಿದುದು ನ್ಯಾಯದಿಂದ ಧನವನ್ನು ಗಳಿಸುವುದನ್ನು. ಧನವನ್ನು ಗಳಿಸಬಾರದೆಂದಲ್ಲ. ದುಡಿದವನ ಕೂಲಿಯನ್ನು ಸೇವೆಯೆಂಬ ಹೆಸರಿನಲ್ಲಿ ಉಳಿಸಿಕೊಂಡರೆ ಆ ಉಳಿತಾಯ ನ್ಯಾಯೋಪಾತ್ತವಾಗುವುದೇ ಎಂಬುದನ್ನು ಆಡಳಿತ ಮಂಡಳಿಗಳು ವಿಚಾರಿಸಬೇಕು. ಇನ್ನೊಂದು ತುದಿಯಲ್ಲಿ, ಕೈತುಂಬ ಕೊಟ್ಟು, ಕ್ಷೇತ್ರದ ಪ್ರಾಚೀನತೆಯನ್ನು ಐನೂರು ವರ್ಷ ಹಿಂದಕ್ಕೆ ತಳ್ಳಿ ಬರೆಯಿರೆಂದು ಹೇಳುವವರಿದ್ದಾರೆ. ಅಜ್ಜನ ಮೊಕದ್ದಮೆಗಳನ್ನು ಬಿಟ್ಟು ದಾನಗಳನ್ನು ಮಾತ್ರ ಬರೆಯಿರೆಂದು ಹೇಳುವವರಿದ್ದಾರೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನು ಎಣಿಸಲಾಗಿದೆ. ಅದನ್ನು ಸುಳ್ಳು ಪತ್ರ, ಸುಳ್ಳು ಖಾತೆಗೆ ಮಾತ್ರ ಅನ್ವಯಿಸುವುದು ವ್ಯಾಪಾರಿಗಳಿಗೆ ರೂಢಿಯಾಗಿದೆ. ಬರೆಸಿದ ಇತಿಹಾಸದಲ್ಲಿ ಇಲ್ಲದ ಶಾಸನವನ್ನು ಇದೆಯೆನಿಸುವುದೂ ಅದೇ ಅತಿಚಾರ. ಬರೆದವನಿಗೆ ಅರ್ಧ, ಬರೆಸಿದವನಿಗೆ ಅರ್ಧ. ಕೊಡದೆ ಬರೆಸುವುದಕ್ಕಿಂತ ಇದು ಹೆಚ್ಚಿನ ದೋಷ, ಏಕೆಂದರೆ ಸುಳ್ಳು ಮುದ್ರಿತವಾಗಿ ಮಕ್ಕಳ ಕೈಗೆ ಹೋಗುತ್ತದೆ.

ಕ್ಷೇತ್ರದ ಇತಿಹಾಸವನ್ನು ಬರೆಸಬೇಕೆಂದು ಹೊರಟ ಮಂಡಳಿ ಲೇಖಕನಿಗೆ ಕೊಡಬಹುದಾದುದು ಇಷ್ಟು: ನಾಲ್ಕಾರು ತಿಂಗಳ ಮನೆವೆಚ್ಚ, ಕೈಫಿಯತ್ತು, ಓಲೆಗರಿ, ಹಳೆಯ ನಡವಳಿ ಪುಸ್ತಕಗಳನ್ನು ನೋಡುವ ಅನುಮತಿ, ಶಾಸನಗಳ ಪಡಿಯಚ್ಚು ತೆಗೆಯಲು ಒಬ್ಬ ಸಹಾಯಕ. ದಾನಿಗಳ ಪಟ್ಟಿ ಪುಸ್ತಕದ ಕೊನೆಯಲ್ಲಿ ಬೇರೆಯಾಗಿಯೇ ಇರಲಿ. ಹಸ್ತಪ್ರತಿಯನ್ನು ಮಂಡಳಿ ಓದಿ ತೇದಿ, ಹೆಸರುಗಳ ತಪ್ಪನ್ನು ತಿದ್ದಲಿ. ಅಭಿಪ್ರಾಯಗಳಿಗೆ ಕೈ ಹಚ್ಚದಿರಲಿ. ಹೊಂಬುಜದ ಇತಿಹಾಸವನ್ನು ಹೀಗೆ ಬರೆದವನು ನೊಕ್ಕಯ್ಯ ಸೆಟ್ಟಿಯ ಜಿನಾಲಯವನ್ನು ಎರಡು ಪುಟಗಳಲ್ಲಿ ಮುಗಿಸಿ, ಚಟ್ಟಲದೇವಿಯ ಮುಂದೆ ಇಪ್ಪತ್ತು ಪುಟ ನಿಂತರೂ ವರ್ತಕರು ಬೇಸರಪಡಬೇಕಾಗಿಲ್ಲ.